ಮೂರು ಸುತ್ತು ಆಂಟಿಬಯಾಟಿಕ್, ಒಂದು ಹೊಟ್ಟೆ

"ಭಾವ, ಗಂಜಿ ತಂಬುಳಿ ನಂಬಿಕೊಂಡು ಕೂತರೆ ನೀವು ಆಸ್ಪತ್ರೆಯಲ್ಲೇ ಯುಗಾದಿ ಮಾಡಬೇಕಾಗುತ್ತದೆ" ಎಂದು ನ್ಯೂಜೆರ್ಸಿಯ ನನ್ನ ಭಾವಮೈದ ಫೋನಿನಲ್ಲಿ ಹೇಳಿದ್ದು ಡಿಸೆಂಬರಿನಲ್ಲಿ. ಅವನ ಮಾತನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಅಷ್ಟರಲ್ಲಿ ನಾನು ಲೈಮ್ ಕಾಯಿಲೆಗೆ ಆಂಟಿಬಯಾಟಿಕ್ ನುಂಗುತ್ತಾ ಎರಡು ಸಲ ತುರ್ತು ಚಿಕಿತ್ಸಾ ವಿಭಾಗ ನೋಡಿ ಬಂದಿದ್ದೆ, ತೂಕ ಏಳೆಂಟು ಕಿಲೋ ಇಳಿದಿತ್ತು. ಆದರೆ ಮಾರ್ಚ್ ಕೊನೆಯಲ್ಲಿ ಮೂರನೇ ಸುತ್ತಿನ ಔಷಧಿ ಮುಗಿಸಿ, ರಕ್ತನಾಳಕ್ಕೆ ಔಷಧಿ ಬಿಡಲು ತೋಳಿನಲ್ಲಿ ಹಾಕಿದ್ದ ಪಿಕ್ ಕೊಳವೆ ತೆಗೆಸಿಕೊಂಡು ಬಂದ ಮಧ್ಯಾಹ್ನ ಮೂರು ದೋಸೆ ತಿಂದು ಅರಗಿಸಿಕೊಂಡವನೂ ನಾನೇ. ಆ ವರ್ಷ ಯುಗಾದಿಯನ್ನು ಮನೆಯಲ್ಲೇ ಮಾಡಿದೆವು, ಹೋಳಿಗೆ ಸಮೇತ.

ಲೈಮ್ ಕಾಯಿಲೆ ಎಂದರೇನು, ಮಂಡಿ ಏಕೆ ಊದುತ್ತದೆ ಎಂಬ ಪುರಾಣವನ್ನು ಇಲ್ಲಿ ಬಿಚ್ಚುವುದಿಲ್ಲ, ಉಣುಗು ಕಚ್ಚಿ ಬರುವ ಬ್ಯಾಕ್ಟೀರಿಯಾ ಸೋಂಕು ಎಂದರೆ ಸಾಕು. ಕನೆಕ್ಟಿಕಟ್‌ನಲ್ಲಿ ಇರುವವರಿಗೆ ಅದು ಬೇಕಿಲ್ಲ. 1975ರಲ್ಲಿ ಮಕ್ಕಳ ಮಂಡಿಗಳು ಸಾಲಾಗಿ ಊದಿಕೊಂಡು ಈ ಕಾಯಿಲೆಗೆ ಹೆಸರು ಕೊಟ್ಟ ಲೈಮ್ ಎಂಬ ಊರು ನಮ್ಮ ರಾಕಿ ಹಿಲ್‌ನಿಂದ ಮುಕ್ಕಾಲು ಗಂಟೆಯ ದಾರಿ. ನಗು ಬರುವುದು ನನ್ನ ವಿಷಯಕ್ಕೆ. ನಾನು ಹುಟ್ಟಿದ್ದು ಸಾಗರದ ಕಡೆ. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡ ಕ್ಯಾಸನೂರು ಕಾಡು ನಮ್ಮ ಪಕ್ಕದ ಸೊರಬ ತಾಲೂಕಿನದು. ಊರಿನಲ್ಲಿರುವ ಅಣ್ಣ ಇವತ್ತಿಗೂ ಕಾಲಿಗೆ ಎಣ್ಣೆ ಬಳಿಯದೆ ಸೊಪ್ಪಿನ ಬೆಟ್ಟಕ್ಕೆ ಹೋಗುವುದಿಲ್ಲ. ಉಣುಗಿನ ಭಯವನ್ನು ಎದೆಹಾಲಿನ ಜೊತೆ ಕುಡಿದ ನಾನು ಇಲ್ಲಿ ಹಿತ್ತಲಿನ ಎಲೆ ಗುಡಿಸುವಾಗ ಹವಾಯಿ ಚಪ್ಪಲಿಯಲ್ಲಿ ನಿಂತಿದ್ದೆ. ಕಚ್ಚಿದ್ದು ಗೊತ್ತೇ ಆಗಲಿಲ್ಲ, ಕಚ್ಚಿದ ಜಾಗದ ಸುತ್ತ ಏಳುವ ಕೆಂಪು ಬಳೆಯೂ ಏಳಲಿಲ್ಲ. ಸೆಪ್ಟೆಂಬರಿನಲ್ಲಿ ಎಡ ಮಂಡಿ ತೆಂಗಿನಕಾಯಿಯಷ್ಟಾಯಿತು.

ಸುತ್ತುಗಳು ಹೀಗಿದ್ದವು: ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು, 28 ದಿನ. ಮಂಡಿ ಅರ್ಧ ಮಾತ್ರ ಇಳಿಯಿತು. ಆಮೇಲೆ ಅಮಾಕ್ಸಿಸಿಲಿನ್ 500 ದಿನಕ್ಕೆ ಮೂರು, ಮತ್ತೆ 28 ದಿನ. ಅದಕ್ಕೂ ಜಗ್ಗದಿದ್ದಾಗ ಸೆಫ್ಟ್ರಿಯಾಕ್ಸೋನ್ 2 ಗ್ರಾಂ, ದಿನಕ್ಕೊಮ್ಮೆ ರಕ್ತನಾಳಕ್ಕೆ, ನಾಲ್ಕು ವಾರ. ನಡುವಿನ ಬಿಡುವು ಸೇರಿಸಿ ಲೆಕ್ಕ ಹಾಕಿದರೆ ಆರು ತಿಂಗಳಿಗೆ ಸ್ವಲ್ಪ ಹೆಚ್ಚು.

ಮೊದಲ ಸುತ್ತಿನಲ್ಲಿ ನಾನು ಮಾಡಿದ ತಪ್ಪುಗಳನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಡಾಕ್ಸಿ ಖಾಲಿ ಹೊಟ್ಟೆಗೆ ಬಿದ್ದರೆ ತೊಳಸುತ್ತದೆ ಎಂಬುದು ಎರಡನೇ ದಿನಕ್ಕೇ ಗೊತ್ತಾಯಿತು. ಹೊಟ್ಟೆಗೆ ತಂಪು, ಮೈಗೆ ಬಲ ಎಂದುಕೊಂಡು ಬೆಳಿಗ್ಗೆ ದೊಡ್ಡ ಲೋಟದಲ್ಲಿ ರಾಗಿ ಅಂಬಲಿ ಕುಡಿದು, ಅದರ ಮೇಲೆಯೇ ಮಾತ್ರೆ ನುಂಗತೊಡಗಿದೆ. ಹೊಟ್ಟೆ ತೊಳಸುವುದು ನಿಂತಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ರಾಗಿಯಲ್ಲಿರುವ ಸುಣ್ಣದಂಶ ತೂಕಕ್ಕೆ ತೂಕ ಹಾಲಿನ ಮೂರು ಪಟ್ಟು ಇರುತ್ತದೆ, ಆ ಸುಣ್ಣ ಡಾಕ್ಸಿಯ ಒಂದಷ್ಟನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಬಿಡುವುದಿಲ್ಲ ಎಂಬುದು ತಲೆಗೆ ಹೊಳೆಯಲಿಲ್ಲ. ಔಷಧಿ ಅಂಗಡಿಯವರು ಡಬ್ಬಿಯ ಮೇಲೆ ಅಂಟಿಸುವ ಚೀಟಿಯಲ್ಲಿ ಹಾಲು, ಆಂಟಾಸಿಡ್, ಕಬ್ಬಿಣದ ಮಾತ್ರೆ ಎಂದಿರುತ್ತದೆಯೇ ಹೊರತು ರಾಗಿ ಎಂದು ಯಾರು ಬರೆಯುತ್ತಾರೆ? ಸಾಲದ್ದಕ್ಕೆ ಎದೆಯುರಿ ಬಂದಾಗ ಬಣ್ಣಬಣ್ಣದ ಆಂಟಾಸಿಡ್ ಗುಳಿಗೆ ಅಗಿಯುತ್ತಿದ್ದೆ, ಅದೂ ಅಪ್ಪಟ ಸುಣ್ಣವೇ. ಮಾತ್ರೆಯಿಂದ ಉರಿ, ಉರಿಗೆ ಗುಳಿಗೆ, ಗುಳಿಗೆಯಿಂದ ಮಾತ್ರೆ ವ್ಯರ್ಥ. ಮೊದಲ ಸುತ್ತು ಪೂರ್ತಿ ಫಲ ಕೊಡದಿರಲು ಇದೇ ಕಾರಣವೇ ಎಂದು ಡಾಕ್ಟರನ್ನು ಕೇಳಿದೆ. ಇರಬಹುದು, ಇಲ್ಲದಿರಬಹುದು, ಹತ್ತರಲ್ಲಿ ಒಬ್ಬರ ಮಂಡಿ ಸರಿಯಾಗಿ ಔಷಧಿ ತೆಗೆದುಕೊಂಡರೂ ಹಟ ಹಿಡಿಯುತ್ತದೆ ಎಂದರು. ನನಗೇನೋ ಅಂಬಲಿಯ ಮೇಲೇ ಗುಮಾನಿ.

ಇನ್ನೊಂದು ತಪ್ಪು ರಾತ್ರಿಯ ಮಾತ್ರೆಯದು. ಕೆಲಸದ ಕರೆ ಮುಗಿಯುವಾಗ ಹನ್ನೊಂದಾಗಿತ್ತು. ಮಾತ್ರೆಯನ್ನು ಒಂದೇ ಗುಟುಕು ನೀರಿನಲ್ಲಿ ನುಂಗಿ ಹಾಸಿಗೆಗೆ ಬಿದ್ದೆ. ಎರಡು ಗಂಟೆಯ ಹೊತ್ತಿಗೆ ಎದೆಗೂಡಿನ ನಟ್ಟನಡುವೆ ಕೆಂಡ ಇಟ್ಟಂತಾಗಿ ಎಚ್ಚರವಾಯಿತು. ಉಗುಳು ನುಂಗಿದರೂ ಕತ್ತಿಯಲ್ಲಿ ಗೀರಿದ ಹಾಗೆ. ಹೃದಯಾಘಾತವೆಂದು ಹೆಂಡತಿ ಕಾರು ತೆಗೆದಳು. ಇಸಿಜಿ, ರಕ್ತಪರೀಕ್ಷೆ ಎಲ್ಲಾ ಆದ ಮೇಲೆ ಗೊತ್ತಾಗಿದ್ದು ಇಷ್ಟು: ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಅಲ್ಲೇ ಕರಗಿ ಹುಣ್ಣು ಮಾಡಿದೆ. ವಿಮೆ ಕೊಟ್ಟು ಉಳಿದ ನನ್ನ ಪಾಲಿನ ಬಿಲ್ಲು ಸುಮಾರು 900 ಡಾಲರ್. ಮಾತ್ರೆಯ ಇಡೀ ತಿಂಗಳ ಬೆಲೆ ಹದಿನೈದು ಡಾಲರ್! ಆಮೇಲಿನ ಒಂದು ವಾರ ನೀರನ್ನೂ ಚಮಚೆಯಲ್ಲಿ ಕುಡಿದೆ. ಡಾಕ್ಸಿಯ ಹೈಕ್ಲೇಟ್ ರೂಪ ಬಿಟ್ಟು, ಅನ್ನನಾಳವನ್ನು ಅಷ್ಟು ಸುಡದ ಮಾನೋಹೈಡ್ರೇಟ್ ರೂಪ ಬರೆಸಿಕೊಂಡೆ. ರಾತ್ರಿಯ ಮಾತ್ರೆಯನ್ನು ಏಳು ಗಂಟೆಗೆ, ಅನ್ನ ಸಾರಿನ ನಡುವೆ, ಎರಡು ಲೋಟ ನೀರಿನೊಂದಿಗೆ ತೆಗೆದುಕೊಂಡು, ಕನಿಷ್ಠ ಒಂದು ಗಂಟೆ ಬೆನ್ನು ನೆಟ್ಟಗಿಟ್ಟು ಕೂತೆ. ಈ ಒಂದು ಗಂಟೆಯಲ್ಲಿ ಮಗಳಿಗೆ ಚದುರಂಗ ಕಲಿಸಿದೆ. ಈಗ ಅವಳು ನನ್ನನ್ನು ಸೋಲಿಸುತ್ತಾಳೆ.

ಪ್ರೊಬಯಾಟಿಕ್‌ಗೆ ಸುರಿದ ಹಣದ ಲೆಕ್ಕ ಹೆಂಡತಿಯ ಬಳಿ ಇದೆ. ನನ್ನ ನೆನಪಿನಲ್ಲಿ ಆರುನೂರು ಡಾಲರಿನ ಆಸುಪಾಸು, ಅವಳು ಎಂಟುನೂರು ಎನ್ನುತ್ತಾಳೆ. ಐವತ್ತು ಬಿಲಿಯನ್, ನೂರು ಬಿಲಿಯನ್ ಒಳ್ಳೆಯ ಬ್ಯಾಕ್ಟೀರಿಯಾ ಎಂದು ಬರೆದ ಡಬ್ಬಿಗಳನ್ನೆಲ್ಲ ತಂದೆ. ಹೊಟ್ಟೆ ಉಬ್ಬರಿಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆಯ ಪಕ್ಕದಲ್ಲೇ ಬ್ಯಾಕ್ಟೀರಿಯಾ ನುಂಗುವುದು ಸುರಿಯುವ ಮಳೆಯಲ್ಲಿ ಹಪ್ಪಳ ಒಣಗಿಸಿದ ಹಾಗೆ ಅನ್ನಿಸಿತು. ಸ್ಯಾಕರೋಮೈಸಿಸ್ ಬೌಲಾರ್ಡಿಯ ಕಥೆ ಬೇರೆ. ಅದು ಯೀಸ್ಟ್, ಆಂಟಿಬಯಾಟಿಕ್‌ಗೆ ಸಾಯುವುದಿಲ್ಲ. ಅಮಾಕ್ಸಿಸಿಲಿನ್ ಸುತ್ತಿನಲ್ಲಿ ದಿನಕ್ಕೆ ಏಳೆಂಟು ಸಲ ಓಡುತ್ತಿದ್ದವನು ಅದನ್ನು ಶುರುಮಾಡಿ ಒಂದು ವಾರದಲ್ಲಿ ಮೂರಕ್ಕೆ ಇಳಿದೆ.

ಅದಕ್ಕೆ ಮುಂಚೆ ಇನ್ನೊಂದು ಕೆಲಸ ಮಾಡಿದ್ದೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಭೇದಿ ಹೆಚ್ಚಾದ ಎರಡನೇ ದಿನ ಜ್ವರ ಕಾಣಿಸಿತು, ಎರಡನೇ ಸಲ ತುರ್ತು ವಿಭಾಗಕ್ಕೆ ಹೋದೆ. ಆಂಟಿಬಯಾಟಿಕ್ ತೆಗೆದುಕೊಂಡವರ ಕರುಳಿನಲ್ಲಿ ಬೆಳೆದು ವಿಷ ಬಿಡುವ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಗೆ ಮಲ ಕೊಟ್ಟು, ಇಲ್ಲ ಎಂದು ಫಲಿತಾಂಶ ಬರುವವರೆಗೆ ಭೇದಿ ಕಟ್ಟುವ ಯಾವ ಮಾತ್ರೆಯನ್ನೂ ಕಷಾಯವನ್ನೂ ಮುಟ್ಟಲಿಲ್ಲ. ಆ ವಿಷ ಒಳಗಿದ್ದಾಗ ಬಾಗಿಲು ಹಾಕಿದರೆ ಕರುಳಿಗೇ ಅಪಾಯ. ಆಯಿ ಸಾಗರದಿಂದ ದಿನಕ್ಕೆರಡು ಸಲ ಫೋನ್ ಮಾಡಿ "ದಾಳಿಂಬೆ ಸಿಪ್ಪೆ ಹಾಕಿ ತಂಬುಳಿ ಮಾಡಿಕೊ ತಮ್ಮಾ" ಎಂದು ಗೋಗರೆಯುತ್ತಿದ್ದರೂ ಎರಡು ದಿನ ತಡೆದೆ.

ಬೌಲಾರ್ಡಿಯ ಹುಟ್ಟಿನ ಕಥೆ ಓದಿದಾಗ ಮಾತ್ರ ನನ್ನ ತಲೆ ಕೆಟ್ಟಿತು. 1920ರ ದಶಕದಲ್ಲಿ ಆನ್ರಿ ಬೌಲಾರ್ ಎಂಬ ಫ್ರೆಂಚ್ ವಿಜ್ಞಾನಿ ಇಂಡೋಚೈನಾದಲ್ಲಿದ್ದಾಗ ಕಾಲರಾ ಬಂದಿತ್ತು. ಲಿಚಿ ಮತ್ತು ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆಯ ಕಷಾಯ ಕುಡಿದವರು ಬಚಾವಾಗುವುದನ್ನು ಕಂಡು, ಆ ಹಣ್ಣುಗಳಿಂದ ಈ ಯೀಸ್ಟನ್ನು ಬೇರ್ಪಡಿಸಿದ. ಮ್ಯಾಂಗೋಸ್ಟೀನ್ ಎಂದರೆ ಗಾರ್ಸೀನಿಯಾ ಕುಲದ ಹಣ್ಣು, ನಮ್ಮ ಮುರುಗಲೂ (ಕೋಕಂ) ಗಾರ್ಸೀನಿಯಾ! ಡಬ್ಬಿಗೆ ನಲವತ್ತೈದು ಡಾಲರ್ ಏಕೆ ಕೊಡಬೇಕು ಎಂದು ಊರಿಂದ ತಂದಿದ್ದ ಒಣ ಮುರುಗಲು ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ನೆನೆಹಾಕಿ ಹೀಟರ್ ಪಕ್ಕ ಇಟ್ಟೆ. ನಾಲ್ಕನೇ ದಿನ ನೊರೆ ಬಂತು. ಕುಣಿದಾಡಿದೆ, ಒಂದು ಲೋಟ ಕುಡಿದೂಬಿಟ್ಟೆ. ಆ ನೊರೆಯಲ್ಲಿ ಇದ್ದದ್ದು ಯಾವ ದೇವರೋ, ಇಡೀ ರಾತ್ರಿ ಹುಳಿತೇಗು, ಬೆಳಗಿನವರೆಗೆ ವಾಂತಿ. ಹೆಂಡತಿ ಜಾಡಿಯನ್ನು ಹಿಮದಲ್ಲಿ ಚೆಲ್ಲಿದಳು. ಅಂಗಳದಲ್ಲಿ ವಾರಗಟ್ಟಲೆ ಕೆಂಪು ಕಲೆ ಇತ್ತು.

ತಂಬುಳಿ ಮಾತ್ರ ಕೈಹಿಡಿಯಿತು. ಅಕ್ಟೋಬರ್ ನವೆಂಬರಿನಲ್ಲಿ ಸಗಟು ಅಂಗಡಿಗೆ ದಾಳಿಂಬೆ ಪೆಟ್ಟಿಗೆ ಬರುತ್ತದಲ್ಲ, ಆ ಸಿಪ್ಪೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಒಣಗಿಸಿಟ್ಟಿದ್ದೆವು. ಹೆಬ್ಬೆರಳಿನ ಉಗುರಿನಷ್ಟು ಎರಡು ಚೂರು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು. ತುಪ್ಪದಲ್ಲಿ ಸಿಪ್ಪೆ ಗರಿಗರಿಯಾಗಿ ಬಣ್ಣ ತಿರುಗುವವರೆಗೆ ಹುರಿದು, ಒಂದು ಹಿಡಿ ಕಾಯಿತುರಿಯ ಜೊತೆ ನುಣ್ಣಗೆ ಬೀಸಿ, ಕಡೆದ ತೆಳು ಮಜ್ಜಿಗೆಗೆ ಕಲಸಿ ಉಪ್ಪು ಹಾಕಿದರೆ ಆಯಿತು. ಆಯಿ ಇದರಲ್ಲಿ ಇನ್ನೊಂದು ಎಲೆ ಹಾಕಲು ಹೇಳಿದ್ದಾರೆ, ಅದನ್ನು ಹೇಳುವುದಿಲ್ಲ. ಮೊದಲ ಸಲ ಅತಿ ಉತ್ಸಾಹದಲ್ಲಿ ಅಂಗೈಯಷ್ಟು ಸಿಪ್ಪೆ ಹಾಕಿದ್ದೆ. ಮೂರು ದಿನ ಹೊಟ್ಟೆ ಕಲ್ಲಿನ ಹಾಗೆ ಕೂತುಬಿಟ್ಟಿತು, ಅದಕ್ಕಿಂತ ಭೇದಿಯೇ ವಾಸಿ ಅನ್ನಿಸಿತು.

ಭಾವಮೈದನಿಗೆ ಅರ್ಥವಾಗದೆ ಹೋದದ್ದು ಇದು: ನಾನು ತಂಬುಳಿಯನ್ನು ಔಷಧಿಯ ಬದಲಿಗೆ ಕುಡಿಯುತ್ತಿರಲಿಲ್ಲ. ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ. ನನ್ನ ಕರಾಮತ್ತು ಇದ್ದದ್ದು ಫ್ರಿಜ್ ಬಾಗಿಲಿನ ಮೇಲಿನ ಕಾಗದದಲ್ಲಿ. ಅದರಲ್ಲಿ ಗಂಟೆಗಳನ್ನು ಮಾತ್ರ ಬರೆದಿದ್ದೆ. ಡಾಕ್ಸಿ ಇದ್ದಾಗ ಬೆಳಿಗ್ಗೆ ಏಳಕ್ಕೆ ಅವಲಕ್ಕಿಯೋ ಇಡ್ಲಿಯೋ, ಜೊತೆಗೆ ಮಾತ್ರೆ. ಮೊಸರು, ರಾಗಿ, ಹಾಲು ಎಲ್ಲಾ ಹನ್ನೊಂದರಿಂದ ಮೂರರ ಒಳಗೆ. ಕಬ್ಬಿಣದ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಆ ತಿಂಗಳು ನಿಲ್ಲಿಸಿದೆ. ಅಮಾಕ್ಸಿಸಿಲಿನ್‌ಗೆ ಹಾಲಿನ ಮಡಿ ಇಲ್ಲ, ಆದರೂ ಯೀಸ್ಟನ್ನೂ ಮೊಸರನ್ನೂ ಮಾತ್ರೆಯಿಂದ ಎರಡು ಮೂರು ಗಂಟೆ ದೂರ ಇಟ್ಟೆ. ರಾತ್ರಿ ಉಳಿದ ಅನ್ನವನ್ನು ಬಿಸಿ ಆರುತ್ತಲೇ ಫ್ರಿಜ್ಜಿಗೆ ಸೇರಿಸಿ ಮರುದಿನ ಮಜ್ಜಿಗೆ ಕಲಸಿ ತಿಂದೆ. ತಣಿದ ಅನ್ನದಲ್ಲಿ ಹುಟ್ಟುವ ಅರಗದ ಪಿಷ್ಟ ಒಳಗೆ ಉಳಿದ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟ. ಊರಿನ ಹಾಗೆ ರಾತ್ರಿಯಿಡೀ ಪಾತ್ರೆಯಲ್ಲಿ ನೆನೆಸಿ ಹೊರಗಿಡುವ ಶೌರ್ಯವನ್ನು ಈ ಹೊಟ್ಟೆಯ ಮೇಲೆ ತೋರಿಸಬೇಡಿ. ಮುರುಗಲು ಜಾಡಿಯ ಪಾಠ ಸಾಕು.

ಮೂರನೇ ಸುತ್ತಿಗೆ ನನ್ನ ಅರ್ಧ ಪಾಂಡಿತ್ಯ ಮಣ್ಣುಪಾಲಾಯಿತು. ಪಿಕ್ ಕೊಳವೆ ಹಾಕಿಸಿಕೊಂಡ ಮೊದಲ ವಾರ ನರ್ಸ್ ಪಟ್ಟಿ ಬದಲಿಸಲು ಮನೆಗೆ ಬಂದರು. ಅಡುಗೆಮನೆಯ ಮೇಜಿನ ಮೇಲೆ ನಾನು ಬೌಲಾರ್ಡಿ ಕ್ಯಾಪ್ಸೂಲನ್ನು ಬಿಡಿಸಿ ಪುಡಿಯನ್ನು ಮಜ್ಜಿಗೆಗೆ ಉದುರಿಸುತ್ತಿದ್ದೆ, ಹಾಗೆ ಮಾಡಿದರೆ ಬೇಗ ಕೆಲಸ ಮಾಡುತ್ತದೆಂದು ನನ್ನದೇ ಸಂಶೋಧನೆ. ಅವರು ಕೈಗವಸು ಹಾಕುವುದನ್ನೂ ಬಿಟ್ಟು ನನ್ನ ಮುಖ ನೋಡಿದರು. ಹೃದಯದ ಹತ್ತಿರದವರೆಗೆ ಕೊಳವೆ ಇರುವವನು ಜೀವಂತ ಯೀಸ್ಟಿನ ಪುಡಿಯನ್ನು ಗಾಳಿಗೆ ಹಾರಿಸುತ್ತ ಕೂತರೆ, ಅದು ಕೊಳವೆಯ ಮೂಲಕ ರಕ್ತಕ್ಕೇ ಸೇರಬಹುದಂತೆ. ಹಾಗೆ ರಕ್ತದಲ್ಲಿ ಶಿಲೀಂಧ್ರ ಬೆಳೆದವರಿದ್ದಾರೆ. ಡಬ್ಬಿ ಅಂದೇ ಕಸಕ್ಕೆ. ಮೇಜು, ಕಟ್ಟೆ, ಕೈ ಎಲ್ಲಾ ತೊಳೆಸಿಕೊಂಡೇ ಅವರು ಪಟ್ಟಿ ಬಿಚ್ಚಿದ್ದು.

ಆ ನಾಲ್ಕು ವಾರ ನಡೆಸಿದ್ದು ಗಂಜಿ, ತಣ್ಣನೆಯ ಅನ್ನ, ಮನೆಯ ಮೊಸರು, ದಿನ ಬಿಟ್ಟು ದಿನ ತಂಬುಳಿ ಇಷ್ಟರಲ್ಲೇ. ಮೊಸರಿಗೆ ನರ್ಸ್ ಒಪ್ಪಿದ್ದರು. ಓವನ್ನಿನ ದೀಪ ಹಾಕಿ ಹೆಪ್ಪು ಹಾಕುವುದು ನಿಮಗೆಲ್ಲಾ ಗೊತ್ತೇ ಇದೆ. ಆದರೆ ನನ್ನ ಹೆಪ್ಪು ಯಾವುದು, ಎಲ್ಲಿಂದ ಬಂತು ಎಂದು ಕೇಳಬೇಡಿ, ಕನ್ನಡ ಕೂಟದಲ್ಲಿ ಮೂರು ಮನೆಯವರು ಕೇಳಿ ಸೋತಿದ್ದಾರೆ. ಹೊಟ್ಟೆ ಓಡಿದ್ದು ದಿನಕ್ಕೆ ಎರಡು ಸಲ, ಕೆಟ್ಟ ದಿನ ಮೂರು. ಡ್ರಿಪ್ ನೋಡಿಕೊಳ್ಳುವ ಇನ್ಫ್ಯೂಷನ್‌ನವರು ನನ್ನ ದಿನಚರಿ ನೋಡಿ, ಸೆಫ್ಟ್ರಿಯಾಕ್ಸೋನ್ ಮೇಲೆ ಇಷ್ಟು ಸಮಾಧಾನವಾಗಿ ಇರುವವರು ಅಪರೂಪ ಎಂದರು. ಈ ಪ್ರಶಸ್ತಿಯನ್ನು ನಾನು ಎಲ್ಲರಿಗೂ ಹೇಳಿಕೊಂಡಿದ್ದೇನೆ.

ಗಂಜಿಯಿಂದ ಬಗ್ಗದ್ದೂ ಒಂದಿತ್ತು. ಮೂರನೇ ವಾರ ಬಲ ಪಕ್ಕೆಲುಬಿನ ಕೆಳಗೆ ನೋವು ಬಂತು. ಸ್ಕ್ಯಾನ್ ಮಾಡಿ ಪಿತ್ತಕೋಶದಲ್ಲಿ ಕೆಸರು ಎಂದರು. ಈ ಔಷಧಿ ಪಿತ್ತದಲ್ಲಿ ಹೊರಹೋಗುವಾಗ ಸುಣ್ಣದ ಜೊತೆ ಗಟ್ಟಿಯಾಗುತ್ತದೆ, ನಿಲ್ಲಿಸಿದ ಮೇಲೆ ತಾನಾಗಿ ಕರಗುತ್ತದೆ. ಕರಗಿತು, ಆದರೆ ಸ್ಕ್ಯಾನಿನ 300 ಡಾಲರ್ ಕರಗಿದ್ದು ಮೊದಲು. ಇನ್ಫ್ಯೂಷನ್, ಕೊಳವೆ, ನರ್ಸ್ ಎಲ್ಲಾ ಸೇರಿ ನನ್ನ ಪಾಲು ಎರಡು ಸಾವಿರದ ಮೇಲೆ.

ಆಗಲೂ ಮಂಡಿಯಲ್ಲಿ ಸ್ವಲ್ಪ ಊತ ಉಳಿದಿತ್ತು. ಪರಿಚಯದವರೊಬ್ಬರು, ವಿಮೆ ಒಪ್ಪದ, ವರ್ಷಗಟ್ಟಲೆ ಡ್ರಿಪ್ ಕೊಡುವ ಒಂದು ಚಿಕಿತ್ಸಾಲಯದ ವಿಳಾಸ ಕೊಟ್ಟರು. ನಾನು ಹೋಗಲಿಲ್ಲ. ಕಾಯಿಲೆಯ ನಂತರವೂ ನರಳುವವರಿಗೆ ಇನ್ನಷ್ಟು ಆಂಟಿಬಯಾಟಿಕ್ ಕೊಟ್ಟು ನೋಡಿದ ಪ್ರಯೋಗಗಳು ಅಮೆರಿಕದಲ್ಲಿ 2001ರಲ್ಲಿ, ನೆದರ್ಲೆಂಡ್ಸ್‌ನಲ್ಲಿ 2016ರಲ್ಲಿ ಪ್ರಕಟವಾಗಿವೆ. ಔಷಧಿಯಿಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಮೂರು ಸುತ್ತಿಗೆ ಇಷ್ಟು ಕಷ್ಟಪಟ್ಟು ಉಳಿಸಿದ ಹೊಟ್ಟೆಯನ್ನು ನಾಲ್ಕನೆಯದಕ್ಕೆ ಒತ್ತೆ ಇಡಲು ಮನಸ್ಸಾಗಲಿಲ್ಲ. ಸಂಧಿವಾತದ ಡಾಕ್ಟರು ಬೇರೆ ಮಾತ್ರೆ ಕೊಟ್ಟರು, ಆಗಸ್ಟ್ ಹೊತ್ತಿಗೆ ಮಂಡಿ ಮಡಿಸಿ ನೆಲದ ಮೇಲೆ ಕೂತು ಊಟ ಮಾಡಿದೆ.

ಕಳೆದ ಜೂನ್‌ನಲ್ಲಿ ಭಾವಮೈದ ಫೋನ್ ಮಾಡಿದ. ಟ್ರೆಕ್ಕಿಂಗ್ ಹೋದಾಗ ಅವನ ಮೊಣಕಾಲಿನ ಹಿಂದೆ ಉಣುಗು ಸಿಕ್ಕಿದೆ, ಕಚ್ಚಿ ಎರಡು ದಿನ ಆಗಿರಬೇಕು. ಮುನ್ನೆಚ್ಚರಿಕೆಗೆಂದು ಡಾಕ್ಸಿ 200 ಮಿಲಿಗ್ರಾಂ ಬರೆದಿದ್ದಾರೆ. ಒಂದೇ ಒಂದು ಸಲ ನುಂಗಬೇಕಾದದ್ದು, ಅಷ್ಟಕ್ಕೇ ಕೋರ್ಸು ಮುಗಿಯಿತು. ಆದರೂ ಅವನು ಧ್ವನಿ ತಗ್ಗಿಸಿ ಕೇಳಿದ: "ಭಾವ, ಅದೇನೋ ಗಂಟೆಗಳ ಕಾಗದ ಇತ್ತಲ್ಲ, ಅದರ ಫೋಟೊ ಕಳಿಸುತ್ತೀರಾ? ಮತ್ತೆ ಆ ತಂಬುಳಿಗೆ ಹಾಕುವ ಎಲೆ ಯಾವುದು?"

ಫೋಟೊ ಕಳಿಸಿದೆ.