ಒಂಬತ್ತನೇ ಕ್ಲಾಸಿನ ಇತಿಹಾಸ ಪೀರಿಯಡ್‌ಗೆ ಹೇಗೆ ತಯಾರಾಗಿ ಬರಬೇಕು

ನಾನು ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರತಿ ಜೂನ್‌ನಲ್ಲೂ ಒಂಬತ್ತನೇ ಕ್ಲಾಸಿಗೆ ಬರುವ ಮಕ್ಕಳಿಗೆ ಇದೇ ಮಾತುಗಳನ್ನು ಹೇಳುತ್ತಿದ್ದೆ. ಈ ಸಲ ಬರೆದೇ ಇಡೋಣ ಅನ್ನಿಸಿತು. ಮನೆಯವರೂ ಓದಲಿ. ಬೇರೆ ಶಾಲೆಯ ಮಕ್ಕಳಿಗೂ ಉಪಯೋಗ ಆದರೆ ಸಂತೋಷ. ಉದಾಹರಣೆಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠವನ್ನೇ ಹಿಡಿದುಕೊಂಡಿದ್ದೇನೆ, ಯಾಕೆಂದರೆ "ಅಷ್ಟು ದೂರದ ದೇಶದ ಕಥೆ ನಮಗ್ಯಾಕೆ ಮೇಡಂ" ಅಂತ ಮಕ್ಕಳು ಜಾಸ್ತಿ ಕೇಳುವುದು ಆ ಪಾಠದಲ್ಲೇ.

ಮೊದಲು ನೋಟ್‌ಬುಕ್. ಇನ್ನೂರು ಪುಟದ ದೊಡ್ಡ ನೋಟ್‌ಬುಕ್ ಒಂದು ಸಾಕು. ಬೈಂಡಿಗೆ ಹಳೇ ಪೇಪರ್ ಹಾಕಿದರೂ ಆಯ್ತು. ಆದರೆ ಒಂದು ವಿಷಯ ಎಲ್ಲರೂ ಪಾಲಿಸಲೇಬೇಕು. ಬಲಗಡೆ ಪುಟದಲ್ಲಿ ಪಾಠದ ನೋಟ್ಸ್, ಎಡಗಡೆ ಪುಟ ಖಾಲಿ. ಆ ಖಾಲಿ ಪುಟ ನಿಮ್ಮದು. ಪಾಠ ಕೇಳುವಾಗ ಅರ್ಥವಾಗದ ಮಾತು, ತಲೆಗೆ ಬಂದ ಪ್ರಶ್ನೆ, ಮನೆಯಲ್ಲಿ ಅಜ್ಜ ಹೇಳಿದ ವಿಷಯ, ಚಿಕ್ಕ ನಕ್ಷೆ, ಎಲ್ಲ ಅಲ್ಲಿಗೆ. ನಾನು ನೋಟ್ಸ್ ನೋಡುವಾಗ ಮೊದಲು ತಿರುವಿ ಹಾಕುವುದು ಎಡಗಡೆ ಪುಟವನ್ನೇ. ಬಲಗಡೆ ಅಕ್ಷರ ಮುತ್ತಿನಂತಿದ್ದು ಎಡಗಡೆ ಏನೂ ಇಲ್ಲದಿದ್ದರೆ, ಆ ಮಗು ಬರೆದಿದೆ, ಯೋಚನೆ ಮಾಡಿಲ್ಲ ಅಂತ ನನಗೆ ಗೊತ್ತಾಗುತ್ತದೆ.

ಕ್ಲಾಸಿಗೆ ಬರುವ ಮುಂಚೆ ಪಾಠದ ಎರಡು ಪುಟ ಓದಿಕೊಂಡು ಬನ್ನಿ. ಎರಡೇ ಪುಟ. ಮನಸ್ಸಿನಲ್ಲಿ ಬೇಡ, ಗಟ್ಟಿಯಾಗಿ ಓದಿ. ಅಡುಗೆ ಮನೆಯಲ್ಲಿ ಅಮ್ಮ ರೊಟ್ಟಿ ತಟ್ಟುತ್ತಿದ್ದರೆ ಅಲ್ಲೇ ಪಕ್ಕದಲ್ಲಿ ಕೂತು ಓದಿ. ಅವರಿಗೆ ಅರ್ಥವಾಗದ ಜಾಗದಲ್ಲಿ ಅವರು ಕೇಳುತ್ತಾರೆ, ಅದೇ ನಿಮ್ಮ ಎಡಗಡೆ ಪುಟದ ಮೊದಲ ಪ್ರಶ್ನೆ.

ಪ್ರಶ್ನೆ ಅಂದರೆ ಎಂಥದ್ದು ಅಂತ ಒಂದು ಉದಾಹರಣೆ ಕೊಡುತ್ತೇನೆ. ಬೋಸ್ಟನ್ ಟೀ ಪಾರ್ಟಿ ಪಾಠದ ದಿನ ನಾನು ಒಂದು ಚಿಕ್ಕ ಟೀ ಪುಡಿ ಪ್ಯಾಕೆಟ್ ತಂದು ಮೇಜಿನ ಮೇಲೆ ಇಡುತ್ತೇನೆ. ಅಮೆರಿಕ ಆಗ ಇಂಗ್ಲಿಷರ ಆಳ್ವಿಕೆಯಲ್ಲಿತ್ತು. 1773ರ ಡಿಸೆಂಬರ್ 16ರ ರಾತ್ರಿ ಅಲ್ಲಿನ ಬೋಸ್ಟನ್ ಬಂದರಿನಲ್ಲಿ ಜನ ಮೂರು ಹಡಗು ಹತ್ತಿ 342 ಪೆಟ್ಟಿಗೆ ಟೀ ಸೊಪ್ಪನ್ನು ಸಮುದ್ರಕ್ಕೆ ಸುರಿದರು, ಹತ್ತಿರ ಹತ್ತಿರ 42 ಟನ್. ಬೆಲೆ ಏರಿತು, ಜನಕ್ಕೆ ಸಿಟ್ಟು ಬಂತು, ಸುರಿದರು ಅಂತ ಸುಮಾರು ಮಕ್ಕಳು ಬರೆಯುತ್ತಾರೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಹೊಸ ಕಾಯ್ದೆ ಬಂದ ಮೇಲೆ ಟೀ ಅಗ್ಗ ಆಯ್ತು ಅಂತ ನೀವೇ ಹೇಳಿದ್ರಲ್ಲ, ಅಗ್ಗ ಆದ್ರೆ ಯಾಕೆ ಸುರಿತಾರೆ?" ಅಂದಳು. ಕ್ಲಾಸ್ ಪೂರ್ತಿ ಸುಮ್ಮನಾಯಿತು. ಆ ದಿನ ನಾನು ಮುಂದಿನ ಪಾಠಕ್ಕೆ ಹೋಗಲೇ ಇಲ್ಲ.

ಇಡೀ ಪಾಠದ ಗಂಟು ಇರುವುದು ಅಲ್ಲೇ. ಟೀ ಅಗ್ಗವಾಗಿತ್ತು, ನಿಜ. ಈಸ್ಟ್ ಇಂಡಿಯಾ ಕಂಪನಿಯ ಗೋದಾಮಿನಲ್ಲಿ ಟೀ ರಾಶಿ ಬಿದ್ದಿತ್ತು, ಕಂಪನಿ ಸಾಲದಲ್ಲಿತ್ತು, ಅದಕ್ಕೇ ನೇರವಾಗಿ ಅಮೆರಿಕಕ್ಕೆ ಕಳಿಸಿ ಮಾರಲು 1773ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಒಪ್ಪಿಗೆ ಕೊಟ್ಟಿತು. ಆದರೆ ಒಂದು ಪೌಂಡ್ (ಸುಮಾರು ಅರ್ಧ ಕೆಜಿ) ಟೀಗೆ ಮೂರು ಪೆನ್ಸ್ (ಇಂಗ್ಲಿಷರ ಚಿಲ್ಲರೆ ನಾಣ್ಯ) ತೆರಿಗೆ ಹಾಗೇ ಉಳಿಯಿತು. ತಮ್ಮ ಕಡೆಯ ಒಬ್ಬ ಸದಸ್ಯನೂ ಇಲ್ಲದ ಪಾರ್ಲಿಮೆಂಟ್ ತಮ್ಮ ಮೇಲೆ ತೆರಿಗೆ ಹಾಕಬಾರದು ಅನ್ನುವುದು ಅಮೆರಿಕದವರ ಜಗಳ. ಅಗ್ಗದ ಟೀ ಕುಡಿದರೆ ಆ ತೆರಿಗೆಯನ್ನು ಒಪ್ಪಿಕೊಂಡ ಹಾಗೆ ಅಲ್ವಾ? ಅಲ್ಲಿನ ಟೀ ವ್ಯಾಪಾರಿಗಳಿಗೆ ಹೊಟ್ಟೆಪಾಡಿನ ಭಯವೂ ಇತ್ತು. ಆಮೇಲೆ ಇನ್ನೊಬ್ಬ ಹುಡುಗ ಆ ಟೀ ಅಸ್ಸಾಮಿಂದ ಹೋಗಿದ್ದಾ ಅಂತ ಕೇಳಿದ. ಅಲ್ಲ, ಚೀನಾದಿಂದ. ಅಸ್ಸಾಮಿನ ಟೀ ತೋಟಗಳು ಶುರುವಾಗಿದ್ದು ಆಮೇಲಿನ ಶತಮಾನದಲ್ಲಿ. ಒಂದು ಪ್ರಶ್ನೆಯಿಂದ ಇಷ್ಟೆಲ್ಲ ಬಂತು. ಹಾಗಾಗಿ ನನ್ನ ಕ್ಲಾಸಿನ ದೊಡ್ಡ ನಿಯಮ ಇದು. ಯಾರ ಮಾತಿಗಾದರೂ, ಪುಸ್ತಕದ ಮಾತಿಗಾದರೂ, ನನ್ನ ಮಾತಿಗಾದರೂ, "ಯಾಕೆ ಹಾಗಾಯಿತು" ಮತ್ತು "ಅದು ನಮಗೆ ಹೇಗೆ ಗೊತ್ತು" ಅಂತ ಕೇಳಬಹುದು. ಪ್ರಶ್ನೆ ಕೇಳಿದವರನ್ನು ನೋಡಿ ನಗುವಂತಿಲ್ಲ. ನಕ್ಕವರು ಮುಂದಿನ ಪೀರಿಯಡ್‌ಗೆ ಅದೇ ಪ್ರಶ್ನೆಗೆ ಉತ್ತರ ಹುಡುಕಿ ತರಬೇಕು.

ಇಸವಿಗಳ ಬಗ್ಗೆ ಎಲ್ಲರಿಗೂ ಹೆದರಿಕೆ. ಇಸವಿಯನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ, ಮಾರನೇ ದಿನ ಮರೆಯುತ್ತದೆ. ಎಡಗಡೆ ಪುಟದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಗೆರೆಯ ಒಂದು ಪಕ್ಕ ಅಮೆರಿಕ, ಇನ್ನೊಂದು ಪಕ್ಕ ನಮ್ಮ ಊರು. ಆ ಕಡೆ 1776ರ ಜುಲೈ 4, ಸ್ವಾತಂತ್ರ್ಯ ಘೋಷಣೆ. ಈ ಕಡೆ 1779, ಹೈದರ್ ಅಲಿ ದುರ್ಗವನ್ನು ಗೆದ್ದು ಮದಕರಿ ನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅಲ್ಲಿ ಯುದ್ಧ ನಡೆಯುತ್ತಿದ್ದಾಗಲೇ ಇಲ್ಲಿ ನಮ್ಮ ಕೋಟೆ ಬಿತ್ತು. 1778ರಲ್ಲಿ ಫ್ರೆಂಚರು ಅಮೆರಿಕನ್ನರ ಕಡೆ ಸೇರಿದರು, ಮರುವರ್ಷ ಇಂಗ್ಲಿಷರು ಮಲಬಾರ್ ತೀರದಲ್ಲಿ ಫ್ರೆಂಚರ ಮಾಹೆಯನ್ನು ಕಿತ್ತುಕೊಂಡರು, ಅದು ಹೈದರನಿಗೆ ಸರಕು ಬರುವ ಬಂದರು, 1780ರಲ್ಲಿ ಎರಡನೇ ಮೈಸೂರು ಯುದ್ಧ ಶುರುವಾಯಿತು. ಒಂದಕ್ಕೊಂದು ಕೊಂಡಿ ಇದೆ, ನೋಡಿ.

ಇನ್ನೂ ಒಂದು ವಿಷಯ ಹೇಳಿದರೆ ಮಕ್ಕಳು ಕುರ್ಚಿ ತುದಿಗೆ ಬರುತ್ತಾರೆ. 1782ರ ಏಪ್ರಿಲ್‌ನಲ್ಲಿ ಅಮೆರಿಕದ ಡೆಲಾವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದವರ ಒಂದು ಹಡಗು, ತನಗಿಂತ ಬಲವಾದ ಜನರಲ್ ಮಂಕ್ ಅನ್ನುವ ಇಂಗ್ಲಿಷರ ಹಡಗನ್ನು ಸೋಲಿಸಿ ಹಿಡಿಯಿತು. ಗೆದ್ದ ಹಡಗಿನ ಹೆಸರು ಹೈದರ್ ಅಲಿ! ಇಂಗ್ಲಿಷರ ವಿರುದ್ಧ ಹೋರಾಡುತ್ತಿದ್ದವನ ಹೆಸರು ಅಲ್ಲಿಯವರೆಗೂ ಮುಟ್ಟಿತ್ತು. ಇನ್ನು 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ ಮತ್ತು ಫ್ರೆಂಚರ ಸೈನ್ಯಕ್ಕೆ ಶರಣಾದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್, 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡ. ಅಲ್ಲಿ ಸೋತವನೇ ಇಲ್ಲಿ ಗೆದ್ದ. ಈ ಗೆರೆ ಒಂದು ಸಲ ನಿಮ್ಮ ಕೈಯಿಂದ ಬರೆದರೆ ಈ ಇಸವಿಗಳು ಜೀವಮಾನಕ್ಕೆ ಮರೆಯುವುದಿಲ್ಲ.

ನಕ್ಷೆಗೆ ಪೆನ್ಸಿಲ್ ಮಾತ್ರ. ಅಮೆರಿಕದಲ್ಲಿ ಇಂಗ್ಲಿಷರ ಕೈಕೆಳಗಿದ್ದ ಹದಿಮೂರು ವಸಾಹತುಗಳು ಅಟ್ಲಾಂಟಿಕ್ ಕರಾವಳಿಯ ಉದ್ದಕ್ಕೂ ಇದ್ದವು, ಉತ್ತರಕ್ಕೆ ನ್ಯೂ ಹ್ಯಾಂಪ್‌ಶೈರ್, ದಕ್ಷಿಣಕ್ಕೆ ಜಾರ್ಜಿಯಾ. ಕರಾವಳಿಯ ಗೆರೆ ಮೊದಲು ಬರೆಯಿರಿ, ಆಮೇಲೆ ಬೋಸ್ಟನ್, ಫಿಲಡೆಲ್ಫಿಯಾ, ಯಾರ್ಕ್‌ಟೌನ್ ಮೂರು ಚುಕ್ಕೆ. ಸಾಕು.

ಉತ್ತರ ಬರೆಯುವುದು ಹೇಗೆ? "ಬೋಸ್ಟನ್ ಟೀ ಪಾರ್ಟಿ ಯಾಕೆ ನಡೆಯಿತು" ಅಂತ ಮೂರು ಅಂಕಕ್ಕೆ ಕೇಳಿದ್ದೇನೆ ಅಂದುಕೊಳ್ಳಿ. "ಇಂಗ್ಲೆಂಡಿನ ದಬ್ಬಾಳಿಕೆಯಿಂದ ಬೇಸತ್ತ ಜನರು ಸಿಡಿದೆದ್ದು ಟೀಯನ್ನು ಸಮುದ್ರಕ್ಕೆ ಎಸೆದರು" ಅಂತ ಬರೆದರೆ ಒಂದು ಅಂಕ. ಗೈಡಿನಲ್ಲಿ ಇರುವುದು ಇಂಥದ್ದೇ ವಾಕ್ಯ. ತೆರಿಗೆ ಹಾಕಿದ್ದು ಯಾರು, ಆ ಪಾರ್ಲಿಮೆಂಟಿನಲ್ಲಿ ಇವರ ಕಡೆಯವರು ಇದ್ದರಾ, ಕಂಪನಿಗೆ ಏನು ಲಾಭ, ಈ ಮೂರನ್ನು ನಿಮ್ಮದೇ ಮಾತಿನಲ್ಲಿ ಮೂರು ಸಾಲು ಬರೆದರೆ ಪೂರ್ತಿ ಅಂಕ. ವ್ಯಾಕರಣ ತಪ್ಪಿದರೆ ನಾನು ಅಂಕ ಕಡಿಯುವುದಿಲ್ಲ, ತಿದ್ದಿ ಕೊಡುತ್ತೇನೆ. ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ, ಅಂದರೆ ನಡುನಡುವಿನ ಸಣ್ಣ ಪರೀಕ್ಷೆ), ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ದೊಡ್ಡ ಪರೀಕ್ಷೆ) ಇರುತ್ತವೆ. ಹತ್ತನೇ ಕ್ಲಾಸಿನ 80 ಅಂಕದ ಬರವಣಿಗೆಗೆ ಕೈ ಪಳಗುವುದು ಈ ವರ್ಷವೇ.

ಗೈಡ್ ನೋಡಿ ಬರೆಯುವುದು, ಗೆಳೆಯರದ್ದು ನೋಡಿ ಬರೆಯುವುದು, ಈಗ ಮೊಬೈಲಿಗೆ ಪ್ರಶ್ನೆ ಹಾಕಿ ಬಂದ ಉತ್ತರವನ್ನು ಹಾಗೇ ಇಳಿಸುವುದು. ಮೂರೂ ನನಗೆ ಗೊತ್ತಾಗುತ್ತದೆ, ಯಾಕೆಂದರೆ ಐದು ನೋಟ್‌ಬುಕ್ಕಿನಲ್ಲಿ ಒಂದೇ ತಪ್ಪು ಒಂದೇ ಜಾಗದಲ್ಲಿ ಇರುತ್ತದೆ. ಎಲ್ಲಿಂದಾದರೂ ಓದಿ, ಬೇಡ ಅನ್ನುವುದಿಲ್ಲ. ಓದಿದ ಮೇಲೆ ಪುಸ್ತಕ ಮುಚ್ಚಿ ಬರೆಯಿರಿ, ಎಲ್ಲಿ ಓದಿದೆ ಅಂತ ಕೆಳಗೆ ಒಂದು ಸಾಲು ಹಾಕಿ. ಕಾಪಿ ಹೊಡೆದದ್ದು ಸಿಕ್ಕರೆ ಸೊನ್ನೆ ಹಾಕುವುದಿಲ್ಲ. ಊಟದ ಬಿಡುವಿನಲ್ಲಿ ನನ್ನ ಪಕ್ಕ ಕೂತು ಅದೇ ಉತ್ತರವನ್ನು ಬಾಯಲ್ಲಿ ಹೇಳಿ, ಆಮೇಲೆ ಬರೆಯಬೇಕು. ಎರಡನೇ ಸಲ ಆದರೆ ಮನೆಯವರನ್ನು ಕರೆಸುತ್ತೇನೆ. ಶಾಲೆಗೆ ಮೊಬೈಲ್ ತರುವಂತಿಲ್ಲ, ಅದರಲ್ಲಿ ಮಾತಿಲ್ಲ.

ತಡವಾಗಿ ಬರುವುದು. ತುರುವನೂರು ಕಡೆಯಿಂದ, ಭರಮಸಾಗರ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳಿದ್ದಾರೆ. ಬಸ್ಸು ತಡವಾದರೆ ಮಕ್ಕಳ ತಪ್ಪಲ್ಲ. ಬಾಗಿಲಲ್ಲಿ ನಿಂತು ಕಾರಣ ಹೇಳುವುದು ಬೇಡ, ಸದ್ದಿಲ್ಲದೆ ಒಳಗೆ ಬಂದು ಕೂತುಕೊಳ್ಳಿ, ಆಮೇಲೆ ಹೇಳಿದರೆ ಸಾಕು. ಬಸ್ಸಿನ ನೆಪ ಹೇಳಿ ಹೊರಗೆ ಮಾತಾಡುತ್ತಾ ನಿಂತರೆ ಮಾತ್ರ ನನಗೆ ಬೇಜಾರಾಗುತ್ತದೆ. ಶೇಂಗಾ ಕೀಳುವ ಕಾಲಕ್ಕೆ ನಾಲ್ಕಾರು ದಿನ ಮಕ್ಕಳು ಕಾಣುವುದೇ ಇಲ್ಲ. ಮನೆಯ ಕಷ್ಟ ನನಗೂ ಗೊತ್ತು, ನಾನೂ ಹೊಲದ ಮನೆಯವಳೇ. ಆದರೂ ಒಂದು ಮಾತು ಮೊದಲೇ ತಿಳಿಸಿ. ಬಂದ ಮೇಲೆ ಮೂರು ದಿನದೊಳಗೆ ಪಕ್ಕದವರ ನೋಟ್‌ಬುಕ್ ನೋಡಿ ಬಿಟ್ಟುಹೋದ ಪಾಠ ತುಂಬಿಸಿಕೊಳ್ಳಬೇಕು, ಎಡಗಡೆ ಪುಟದಲ್ಲಿ ಎರಡು ಪ್ರಶ್ನೆ ಬರೆದು ನನಗೆ ತೋರಿಸಬೇಕು. ಹತ್ತನೇ ಕ್ಲಾಸಿನಲ್ಲಿ ಪರೀಕ್ಷೆಗೆ ಕೂರಲು ಶೇಕಡ 75 ಹಾಜರಿ ಬೇಕು ಅನ್ನುವುದು ಮನೆಯವರ ನೆನಪಿನಲ್ಲಿರಲಿ.

ಇನ್ನೊಂದು ನಿಯಮವಿದೆ, ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. "ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ" ಅಂತ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಥಾಮಸ್ ಜೆಫರ್ಸನ್ ಬಳಿಯೇ ನೂರಾರು ಗುಲಾಮರಿದ್ದರು. ಗುಲಾಮಗಿರಿಯನ್ನು ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿ ತೆಗೆದುಹಾಕಿದ್ದು 1865ರಲ್ಲಿ, ಅಂದರೆ ಆ ಘೋಷಣೆಯಾಗಿ 89 ವರ್ಷ ಆದ ಮೇಲೆ. ಈ ಪಾಠ ಮಾಡುವಾಗ ಮಕ್ಕಳಿಗೆ ತಮ್ಮೂರಿನ ಬಾವಿ, ಹೋಟೆಲು, ಗುಡಿ ನೆನಪಾಗುತ್ತದೆ. ನೆನಪಾಗಲಿ. ಜ್ಯೋತಿಬಾ ಫುಲೆಯವರಿಗೂ ಹಾಗೇ ನೆನಪಾಗಿ, ಜಾತಿಯ ಬಗ್ಗೆ 1873ರಲ್ಲಿ ಬರೆದ ಪುಸ್ತಕವನ್ನು ಗುಲಾಮಗಿರಿ ತೊಡೆದ ಅಮೆರಿಕದ ಜನರಿಗೆ ಅರ್ಪಿಸಿದರು. ಮಾತಾಡುವುದಕ್ಕೆ ಭಯ ಬೇಡ. ಆದರೆ ಕ್ಲಾಸಿನೊಳಗೆ ಯಾರನ್ನೂ ಜಾತಿ ಹೆಸರಿನಿಂದ, ಧರ್ಮದ ಹೆಸರಿನಿಂದ, ಬಣ್ಣದ ಹೆಸರಿನಿಂದ ಕರೆಯುವಂತಿಲ್ಲ, ತಮಾಷೆಗೂ ಇಲ್ಲ. ಮನೆಯ ನೋವಿನ ಕಥೆ ಹೇಳಲು ಯಾರಿಗೂ ಒತ್ತಾಯ ಮಾಡುವಂತಿಲ್ಲ. ಒಬ್ಬರು ಹೇಳಿದರೆ ಅದು ಕ್ಲಾಸಿನಿಂದ ಹೊರಗೆ ಹೋಗಬಾರದು.

ಪ್ರಾಜೆಕ್ಟಿಗೆ ಬಣ್ಣದ ಚಾರ್ಟು, ಮಿನುಗು ಅಂಟಿಸಿದ ಅಕ್ಷರ ಬೇಡ, ಆ ದುಡ್ಡು ಉಳಿಸಿ. ಮನೆಯ ಹಿರಿಯರೊಬ್ಬರನ್ನು ಮಾತಾಡಿಸಿ ಎರಡು ಪುಟ ಬರೆದು ತನ್ನಿ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದ ಅಜ್ಜ ಇದ್ದರೆ ಅದು ಬಂಗಾರದಂಥ ವಿಷಯ. ಎಷ್ಟು ಗಂಟೆ ಪಾಳಿ, ಎಷ್ಟು ಕೂಲಿ, ಹತ್ತಿ ಎಲ್ಲಿಂದ ಬರುತ್ತಿತ್ತು, ಕೇಳಿ. ಆಮೇಲೆ ನಾವು ಕ್ಲಾಸಿನಲ್ಲಿ ಇನ್ನೂ ಹಿಂದಕ್ಕೆ ಹೋಗೋಣ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ದಕ್ಷಿಣದ ಬಂದರುಗಳು ಮುಚ್ಚಿ, ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ಸಿಗದೆ, ಬೊಂಬಾಯಿ ಬಂದರಿನಲ್ಲಿ ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತ್ತು, ಯುದ್ಧ ಮುಗಿದ ಕೂಡಲೇ ಬಿದ್ದುಹೋಯಿತು.

ಕೋಟೆಗೆ, ಚಂದ್ರವಳ್ಳಿಗೆ ಒಂದು ದಿನ ಹೋಗುತ್ತೇವೆ. ಚಂದ್ರವಳ್ಳಿಯ ಬಂಡೆಯ ಮೇಲೆ ಮಯೂರಶರ್ಮ ಕೆರೆ ಕಟ್ಟಿಸಿದ ಶಾಸನ ಇದೆ, ಅಲ್ಲಿ ಅಗೆದಾಗ ರೋಮನ್ ನಾಣ್ಯಗಳೂ ಸಿಕ್ಕಿವೆ. ನೀರಿನ ಬಾಟಲಿ, ಪೆನ್ಸಿಲ್, ಅಳತೆ ಟೇಪ್ ತನ್ನಿ. ಓಬವ್ವನ ಕಿಂಡಿಯ ಅಗಲ ನಿಮ್ಮ ಕೈಯಾರೆ ಅಳೆದು ಬರೆದುಕೊಳ್ಳಬೇಕು. ಕಲ್ಲಿನ ಮೇಲೆ ಹೆಸರು ಕೆತ್ತಿದವರು, ಗೀಚಿದವರು ಆ ವರ್ಷ ಮತ್ತೆ ಯಾವ ಪ್ರವಾಸಕ್ಕೂ ಬರುವಂತಿಲ್ಲ.

ಮನೆಯವರಿಗೆ ಒಂದೇ ಕೋರಿಕೆ. ಓದು ಬರಹ ಬಾರದಿದ್ದರೂ ಪರವಾಗಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಇವತ್ತು ಏನಾಯ್ತು ಪಾಠದಲ್ಲಿ, ಯಾಕೆ ಹಂಗಾಯ್ತು" ಅಂತ ಕೇಳಿ, ಮಗು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಅಂಕ ಎಷ್ಟು ಅಂತ ಆಮೇಲೆ ಕೇಳಬಹುದು.

ಮೊದಲ ಪೀರಿಯಡ್‌ಗೆ ಬರುವಾಗ ನೋಟ್‌ಬುಕ್ಕಿನ ಮೊದಲ ಎಡಗಡೆ ಪುಟದಲ್ಲಿ ನಿಮ್ಮ ಊರಿನ ಬಗ್ಗೆ ನಿಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರೆದುಕೊಂಡು ಬನ್ನಿ. ಹೋದ ವರ್ಷ ಒಬ್ಬ ಹುಡುಗ "ನಮ್ಮೂರ ಕೆರೆ ಏರಿ ಮೇಲಿನ ಕಲ್ಲಲ್ಲಿ ಏನು ಬರೆದಿದೆ" ಅಂತ ಬರೆದು ತಂದಿದ್ದ.