ಕಿಸೆಯಲ್ಲಿ ಇಪ್ಪತ್ತರ ನೋಟು

ಗಿರ್ಮಿಟ್ ತಿಂದಾಗಿತ್ತು. ಎರಡು ಮಿರ್ಚಿಯೂ ಹೊಟ್ಟೆಗೆ ಇಳಿದಿದ್ದವು. ಕೈ ಒರೆಸಿಕೊಂಡು ಫೋನ್ ತೆಗೆದರೆ, ಗಾಡಿಯ ಗಾಜಿನ ಮೇಲೆ ಕ್ಯೂಆರ್ ಇಲ್ಲ. ಅಂಟಿನ ಗುರುತು ಮಾತ್ರ ಚೌಕಾಗಿ ಉಳಿದಿತ್ತು.

"ಎಲ್ಲಿ ಹೋತ್ರೀ ಅಣ್ಣಾರ?" ಅಂದೆ.

"ತಗದೇನ್ರೀ ಸರ. ರೊಕ್ಕಾನ ಕೊಡ್ರಿ."

ರೊಕ್ಕ ಎಲ್ಲಿಂದ ತರಲಿ? ಎರಡು ವರ್ಷದಿಂದ ನನ್ನ ಪಾಕೀಟಿನಲ್ಲಿ ಆಧಾರ್ ಕಾರ್ಡು, ಎರಡು ಬ್ಯಾಂಕ್ ಕಾರ್ಡು, ಸಿದ್ಧಾರೂಢರ ಒಂದು ಫೋಟೊ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಕಾರ್ಡು ತೋರಿಸಿದೆ. ಅವರು ನಕ್ಕರು. "ಇದನ್ನ ಎಣ್ಣ್ಯಾಗ ಬಿಡ್ಲೇನ್ರೀ?" ಅಂದರು. ಕೊನೆಗೆ ಉದ್ರಿ ಬರೆಸಿ ಬಂದೆ. ತಿಂಗಳ ಸಂಬಳ ತೆಗೆದುಕೊಳ್ಳುವ ಮನುಷ್ಯ ಅರವತ್ತು ರೂಪಾಯಿಗೆ ಉದ್ರಿ!

ಅದು 2025ರ ಜುಲೈ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಡುತ್ತಿದೆ ಎಂಬ ಸುದ್ದಿ ಬೆಂಗಳೂರಿನಿಂದ ಹಬ್ಬಿ ನಮ್ಮ ಕಡೆಗೂ ಬಂದಿತ್ತು. ಸರಕು ಮಾರುವವರ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ತಿಂಡಿ ಮಾಡಿ ಕೊಡುವುದೂ ಸೇವೆಯ ಲೆಕ್ಕಕ್ಕೇ ಬರುತ್ತದೆ. 20 ಲಕ್ಷ ಅಂದರೆ ದಿನಕ್ಕೆ ಐದೂವರೆ ಸಾವಿರದ ಹತ್ತಿರ. ಚೆನ್ನಾಗಿ ನಡೆಯುವ ಮಿರ್ಚಿ ಗಾಡಿಗೆ ಅದೇನೂ ದೂರದ ಮಾತಲ್ಲ. ಅದರಲ್ಲಿ ಎಣ್ಣೆ, ಕಡ್ಲಿಹಿಟ್ಟು, ಮಂಡಕ್ಕಿ, ಗ್ಯಾಸು ಎಲ್ಲ ಕಳೆದು ಅವರ ಕೈಗೆ ಉಳಿಯುವುದೆಷ್ಟು ಅನ್ನುವುದು ಬೇರೆ. ತಾಜಾ ತರಕಾರಿ, ಹಾಲಿಗೆ ಜಿಎಸ್‌ಟಿಯೇ ಇಲ್ಲ. ಆದರೂ ತರಕಾರಿ ಮಾರುವವರೂ ಹೆದರಿದರು. ಅದೇ ತಿಂಗಳು ಸರ್ಕಾರ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದಿತು. ಆದರೆ ಕಿತ್ತ ಕ್ಯೂಆರ್ ಅಷ್ಟು ಬೇಗ ಮತ್ತೆ ಅಂಟಲಿಲ್ಲ.

ನನಗೆ ಇದು ಮೊದಲ ಪೆಟ್ಟೂ ಅಲ್ಲ. ಅದೇ ವರ್ಷ ಏಪ್ರಿಲ್ 12ರ ಶನಿವಾರ ದೇಶದ ತುಂಬ ಯುಪಿಐ ಕೈಕೊಟ್ಟಿತ್ತಲ್ಲ, ಆವತ್ತು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಎರಡು ಚೀಲ ತರಕಾರಿ ತೂಗಿಸಿಕೊಂಡು ನಿಂತಿದ್ದೆ. ಫೋನ್ ತಿರುಗುತ್ತಲೇ ಇತ್ತು. ಹೆಂಡತಿ ತನ್ನ ಬ್ಯಾಗಿನ ತಳದಿಂದ ಸುಕ್ಕಾದ ನೋಟು ತೆಗೆದು ಕೊಟ್ಟು ಮಾನ ಉಳಿಸಿದಳು. ಆಗ ಬುದ್ಧಿ ಬಂದಿರಲಿಲ್ಲ. ಅರವತ್ತು ರೂಪಾಯಿ ಉದ್ರಿಗೆ ಬಂತು.

ಸರಿ, ಒಂದು ತಿಂಗಳು ಬರೀ ನಗದು, ಒಂದು ತಿಂಗಳು ಆದಷ್ಟೂ ಕಾರ್ಡು, ನೋಡೇಬಿಡೋಣ ಅಂದುಕೊಂಡೆ. ನಾವು ಧಾರವಾಡದಲ್ಲಿ ಇರುವುದು. ನಾನು, ಹೆಂಡತಿ, ಮಗಳು, ಅವ್ವ. ಆಫೀಸು ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ದಿನಾ ಚಿಗರಿ ಬಸ್ಸು. ಬಾಡಿಗೆ, ಶಾಲೆ ಫೀ, ಕರೆಂಟ್ ಬಿಲ್ಲು ಬಿಟ್ಟು ದಿನದ ಖರ್ಚೇ ತಿಂಗಳಿಗೆ ಹದಿನೆಂಟು ಸಾವಿರದ ಆಸುಪಾಸು.

ಆಗಸ್ಟ್ ನಗದಿನ ತಿಂಗಳು. ಮೊದಲನೇ ದಿನವೇ ಗೊತ್ತಾಗಿದ್ದೇನೆಂದರೆ, ರೊಕ್ಕ ಇಟ್ಟುಕೊಳ್ಳುವುದು ಕಷ್ಟವಲ್ಲ, ಚಿಲ್ಲರೆ ಇಟ್ಟುಕೊಳ್ಳುವುದು ಕಷ್ಟ. ಎಟಿಎಂ ಕೊಟ್ಟಿದ್ದು ಆರು ಐನೂರರ ನೋಟು. ಎಟಿಎಂಗಳಲ್ಲಿ ನೂರು ಇಲ್ಲವೇ ಇನ್ನೂರರ ನೋಟು ಸಿಗಲೇಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲೇ ಹೇಳಿತ್ತು. ಆ ವರ್ಷದ ಸೆಪ್ಟೆಂಬರ್ ಕೊನೆಗೆ ನೂರಕ್ಕೆ 75 ಎಟಿಎಂ ಹಾಗಾಗಬೇಕಿತ್ತು. ನಮ್ಮ ಓಣಿಯ ಎಟಿಎಂ ಆ ಲೆಕ್ಕಕ್ಕೆ ಆಗ ಇನ್ನೂ ಸೇರಿರಲಿಲ್ಲ ಅಂತ ಕಾಣುತ್ತದೆ. ಐನೂರು ತೋರಿಸಿ ಹದಿನೈದು ರೂಪಾಯಿಯ ಕೊತ್ತಂಬರಿ ಕೇಳಿದರೆ ಯಾರು ಕೊಟ್ಟಾರು? "ಚಿಲ್ಲರ ಇಲ್ರೀ" ಅನ್ನುವುದನ್ನು ಆ ವಾರ ಎಷ್ಟು ಸಲ ಕೇಳಿದೆನೋ. ಕಿರಾಣಿ ಅಂಗಡಿಯಲ್ಲಿ ಮೂರು ರೂಪಾಯಿಗೆ ಮೂರು ಚಾಕಲೇಟು. ಮಗಳಿಗೆ ಮಾತ್ರ ಆ ತಿಂಗಳು ಭಾಳ ಇಷ್ಟವಾಯಿತು.

ಸುಮ್ನೆ ಸ್ವಲ್ಪ ಸ್ವಲ್ಪ ತೆಗೆದು ತೆಗೆದು ಆರನೇ ಸಲ ಎಟಿಎಂಗೆ ಹೋದೆ. ನಮ್ಮಂಥ ಊರುಗಳಲ್ಲಿ ತಿಂಗಳಿಗೆ ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ಐದು, ಬೇರೆಯವರ ಎಟಿಎಂನಲ್ಲಿ ಐದು ಸಲ ಪುಕ್ಕಟೆ. ಮಹಾನಗರಗಳಲ್ಲಿ ಬೇರೆ ಬ್ಯಾಂಕಿನದು ಮೂರೇ. ಅದು ಮುಗಿದ ಮೇಲೆ 2025ರ ಮೇ 1ರಿಂದ ಪ್ರತಿ ಸಲಕ್ಕೆ 23 ರೂಪಾಯಿವರೆಗೆ, ಮೇಲೆ ಜಿಎಸ್‌ಟಿ. ನನ್ನ ಖಾತೆಯಿಂದ 27 ರೂಪಾಯಿ 14 ಪೈಸೆ ಹೋಯಿತು. ನನ್ನ ರೊಕ್ಕ ನಾನೇ ತೆಗೆದುಕೊಳ್ಳಲು ಒಂದು ಪ್ಲೇಟು ಗಿರ್ಮಿಟ್‌ನಷ್ಟು ದಂಡ.

ಅದೇ ತಿಂಗಳು ಒಂದು ಎಟಿಎಂ ಮೂರು ಸಾವಿರ ಕೊಡದೇ ಖಾತೆಯಿಂದ ಕಳೆಯಿತು. ನೋಟು ಎಣಿಸುವ ಸದ್ದು ಬಂತು, ನೋಟು ಬರಲಿಲ್ಲ. ಇಂಥದ್ದಾದರೆ ಗಾಬರಿ ಬೇಡ, ಆದರೆ ಸುಮ್ಮನೆ ಇರಲೂ ಬೇಡಿ. ಚೀಟಿ ಬಂದರೆ ಇಟ್ಟುಕೊಳ್ಳಿ, ಬರದಿದ್ದರೆ ಎಟಿಎಂ ನಂಬರು, ಹೊತ್ತು ಬರೆದುಕೊಂಡು ಆವತ್ತೇ ನಿಮ್ಮ ಬ್ಯಾಂಕಿಗೆ ದೂರು ಕೊಡಿ. 2019ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಐದು ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ, ಅದನ್ನೂ ನಾವು ಕೇಳದೆಯೇ ಕೊಡಬೇಕು. ನನಗೆ ಒಂಬತ್ತನೇ ದಿನ ಬಂತು, ಬರೀ ಮೂರು ಸಾವಿರ. ನಿಯಮ ತೋರಿಸಿ ಇನ್ನೊಂದು ಅರ್ಜಿ ಕೊಟ್ಟ ಮೇಲೆ ನಾಲ್ಕು ನೂರು ಬಂತು. ಆ ನಾಲ್ಕು ನೂರು ಸಂಬಳಕ್ಕಿಂತ ಜಾಸ್ತಿ ಖುಷಿ ಕೊಟ್ಟಿತು ಅಂದರೆ ನಂಬಿ.

ಈ ಗದ್ದಲವನ್ನೆಲ್ಲ ಅವ್ವ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಅವಳ ಬ್ಯಾಂಕು ಜೀರಿಗೆ ಡಬ್ಬಿ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಅಂದಾಗ, ಆ ಡಬ್ಬಿಯಿಂದ ಹದಿಮೂರು ಐನೂರರ ನೋಟು ಹೊರಬಂದವು. ಅಪ್ಪನಿಗೆ ಅಲ್ಲಿಯತನಕ ಗೊತ್ತೇ ಇರಲಿಲ್ಲ. ಜೀರಿಗೆ ವಾಸನೆಯ ನೋಟು ಹಿಡಿದು ನಾನು ಸಾಲಿನಲ್ಲಿ ನಿಂತಿದ್ದೆ. ಅಲ್ಲಿಂದ ಅವ್ವ ನೂರಕ್ಕಿಂತ ದೊಡ್ಡ ನೋಟು ಮುಟ್ಟಿಲ್ಲ. ಹೊಸ ಎರಡು ಸಾವಿರದ ನೋಟು ಬಂದಾಗ "ಇದೂ ಹೋಗೂದ" ಅಂದಿದ್ದಳು. 2023ರ ಮೇನಲ್ಲಿ ಅದನ್ನೂ ಹಿಂದಕ್ಕೆ ಪಡೆದಾಗ ನನ್ನ ಮುಖ ಒಂದು ಸಲ ನೋಡಿದಳು, ಅಷ್ಟೇ.

ನನ್ನ ಪರದಾಟಕ್ಕೂ ದಾರಿ ತೋರಿಸಿದ್ದು ಅವಳೇ. "ಎಟಿಎಂಗೆ ಯಾಕ ಹೊಕ್ಕಿ? ಬ್ಯಾಂಕಿನ ಕೌಂಟರಿಗೆ ಹೋಗಿ ಇಪ್ಪತ್ತರ ಕಟ್ಟು ಕೇಳು." ಕೇಳಿದೆ. ಮೊದಲ ಸಲ ಇಲ್ಲ ಅಂದರು. ತಿಂಗಳ ಮೊದಲ ವಾರ ಬಿಟ್ಟು, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋದರೆ ಸಿಗುತ್ತದೆ ಅಂತ ಎರಡನೇ ಸಲಕ್ಕೆ ಕಲಿತೆ. ನೂರು ನೋಟಿನ ಒಂದು ಕಟ್ಟು, ಎರಡು ಸಾವಿರ. ಹರಿದ ನೋಟು ಗಂಟುಬಿದ್ದರೂ ಅಲ್ಲೇ ಬದಲಿಸಿಕೊಂಡು ಬರುತ್ತೇನೆ. ಇಪ್ಪತ್ತರವರೆಗಿನ ನೋಟಿನ ಒಂದೇ ತುಂಡು ಅರ್ಧಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಬೆಲೆ ಕೊಡುತ್ತಾರೆ. ಐವತ್ತು ಮತ್ತು ಅದರ ಮೇಲಿನ ನೋಟಿಗೆ ನೂರಕ್ಕೆ ಎಂಬತ್ತು ಭಾಗಕ್ಕಿಂತ ಜಾಸ್ತಿ ಉಳಿದಿರಬೇಕು. ನಲವತ್ತರಿಂದ ಎಂಬತ್ತು ಭಾಗ ಇದ್ದರೆ ಅರ್ಧ ಬೆಲೆ.

ಹತ್ತು ರೂಪಾಯಿ ನಾಣ್ಯದ ಕಥೆ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಹದಿನಾಲ್ಕು ವಿನ್ಯಾಸದ ನಾಣ್ಯವೂ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ನಮ್ಮ ಓಣಿಯ ಅಂಗಡಿಯವರು ಮುಟ್ಟುವುದಿಲ್ಲ. "ನಾವು ತಗೊಂಡ್ರ ನಮ್ಮ ಕಡೆ ಯಾರು ತಗೊಂತಾರ್ರೀ?" ಅನ್ನುತ್ತಾರೆ. ಅವರ ಮಾತಿನಲ್ಲೂ ಸುಳ್ಳಿಲ್ಲ. ನಮ್ಮ ಮನೆಯ ಒಂದು ಹಾರ್ಲಿಕ್ಸ್ ಬಾಟಲಿ ಅದರಿಂದಲೇ ತುಂಬಿದೆ.

ಸೆಪ್ಟೆಂಬರ್ ಕಾರ್ಡಿನ ತಿಂಗಳು. ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಬೇಗ ಮುಗಿಯಿತು. ಪೆಟ್ರೋಲ್ ಬಂಕ್, ಔಷಧಿ ಅಂಗಡಿ, ದೊಡ್ಡ ಕಿರಾಣಿ, ಬಟ್ಟೆ ಅಂಗಡಿ. ಇಷ್ಟು ಕಡೆ ಕಾರ್ಡಿಗೆ ಮರ್ಯಾದೆ. ಹೂವು, ಹಾಲು, ಬಾಳೆಹಣ್ಣು, ಇಸ್ತ್ರಿ, ಆಟೋ ಎಲ್ಲ ಕಡೆ ಬರಿಗೈ. ಇಂಥ ಕಡೆ ಅವ್ವನಿಂದ ಕೈಗಡ ತಗೊಂಡೆ. ಹದಿನೈದನೇ ತಾರೀಕಿಗೆ ಅವಳ ಸಾಲ ಒಂಬೈನೂರಕ್ಕೆ ಮುಟ್ಟಿತು.

ಒಂದು ಬಟ್ಟೆ ಅಂಗಡಿಯಲ್ಲಿ "ಕಾರ್ಡಿಗೆ ಎರಡು ಪರ್ಸೆಂಟ್ ಜಾಸ್ತಿ ಆಗತೈತ್ರೀ" ಅಂದರು. ನನ್ನದು ರುಪೇ ಡೆಬಿಟ್ ಕಾರ್ಡು. ಅದಕ್ಕೂ ಯುಪಿಐಗೂ 2020ರ ಜನವರಿಯಿಂದ ಅಂಗಡಿಯವರ ಮೇಲೆ ಬ್ಯಾಂಕಿನ ಶುಲ್ಕವೇ ಇಲ್ಲ. ಬೇರೆ ಡೆಬಿಟ್ ಕಾರ್ಡುಗಳಿಗೆ ಶುಲ್ಕ ಉಂಟು, ಗಿರಾಕಿಯ ಮೇಲೆ ಹಾಕುವ ಹಾಗಿಲ್ಲ. ಕ್ರೆಡಿಟ್ ಕಾರ್ಡಿನದು ಇನ್ನೂ ಜಾಸ್ತಿ, ಎರಡು ಪರ್ಸೆಂಟಿನ ಮಾತು ಅಲ್ಲಿಂದ ಬಂದಿದ್ದು. ನಾನು ಇಷ್ಟೆಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿ, "ಕಾರ್ಡ್ ಅಂದ್ರ ಕಾರ್ಡ್ ರೀ" ಅಂದರು. ಸೀರೆ ಬಿಟ್ಟು ಬಂದೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಗೆದ್ದಿದ್ದು ಯಾರು ಅಂತ ನೀವೇ ಹೇಳಿ.

ಆದರೂ ಕಾರ್ಡಿನಿಂದ ಒಂದು ಕೆಲಸ ಆಯಿತು. ಬ್ಯಾಂಕಿನ ಆ್ಯಪ್ ಒಳಗೆ ಹೋಗಿ ಖರ್ಚಿಗೆ ಮಿತಿ ಹಾಕಿದೆ. ಅಂಗಡಿಯಲ್ಲಿ ದಿನಕ್ಕೆ ಐದು ಸಾವಿರ, ಎಟಿಎಂನಲ್ಲಿ ಹತ್ತು ಸಾವಿರ, ಆನ್‌ಲೈನ್ ಬಂದ್, ವಿದೇಶ ಬಂದ್. ತಾಗಿಸಿ ಕೊಡುವುದನ್ನೂ ಬಂದ್ ಮಾಡಿದೆ. 2021ರಿಂದ ಐದು ಸಾವಿರದವರೆಗೆ ಪಿನ್ ಇಲ್ಲದೆ ಬರೀ ತಾಗಿಸಿದರೆ ರೊಕ್ಕ ಹೋಗುತ್ತದೆ. ಚಿಗರಿಯ ಸಂಜೆ ಗದ್ದಲದಲ್ಲಿ ಪಾಕೀಟು ಕಳೆದರೆ ಏನು ಗತಿ, ಅಲ್ವಾ? ನಾವು ಮಾಡದ ಖರ್ಚಿನ ಮೆಸೇಜ್ ಬಂದರೆ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕು. ನಮ್ಮ ತಪ್ಪಿಲ್ಲದೆ ಹೊರಗಿನ ಕಳ್ಳರು ಹೊಡೆದದ್ದಾದರೆ ಆಗ ನಷ್ಟ ನಮ್ಮ ತಲೆಗೆ ಬರುವುದಿಲ್ಲ. ಮೋಸ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕೂಡಲೇ ಫೋನ್ ಮಾಡಬೇಕು. ಈ ನಂಬರನ್ನು ಅವ್ವನ ಫೋನಿನಲ್ಲೂ ಹಾಕಿಟ್ಟಿದ್ದೇನೆ.

ಅಕ್ಟೋಬರಿನಿಂದ ಈಗ ನಡೆಯುತ್ತಿರುವ ಪದ್ಧತಿ ಹೀಗಿದೆ. ಔಷಧಿ, ಪೆಟ್ರೋಲು, ತಿಂಗಳ ಕಿರಾಣಿಗೆ ಕಾರ್ಡು, ಬಿಲ್ಲು ಇಟ್ಟುಕೊಳ್ಳುತ್ತೇನೆ. ನೆಲದ ಮೇಲೆ ಕುಳಿತು ಮಾರುವವರಿಗೆ ನಗದು. ನಡುವಿನ ಅಂಗಡಿಗಳಿಗೆ, ಅವರು ಕೇಳಿದರೆ, ಯುಪಿಐ. ಚಹಾದ ಹತ್ತು ರೂಪಾಯಿಯೂ ಪಾಸ್‌ಬುಕ್ಕಿನಲ್ಲಿ ಒಂದೊಂದು ಸಾಲು ತಿನ್ನುತ್ತಿತ್ತು, ಅದಕ್ಕೆ ಈಗ ಯುಪಿಐ ಲೈಟ್, ಅಂದರೆ ಸ್ವಲ್ಪ ರೊಕ್ಕ ಮೊದಲೇ ಆ್ಯಪ್‌ಗೆ ತುಂಬಿಟ್ಟು ಅದರಿಂದ ಕೊಡುವುದು. ಅಂಗಿ ಕಿಸೆಯಲ್ಲಿ ಹತ್ತು, ಇಪ್ಪತ್ತರ ನೋಟು, ಪಾಕೀಟಿನಲ್ಲಿ ನೂರರವು, ಸಿದ್ಧಾರೂಢರ ಫೋಟೊ ಹಿಂದೆ ಮಡಿಚಿಟ್ಟ ಒಂದು ಐನೂರು. ಅದನ್ನು ಇನ್ನೂ ತೆಗೆದಿಲ್ಲ.

ಲೆಕ್ಕವನ್ನು ದಿನಾ ಬರೆಯುವ ಹುಚ್ಚು ಬಿಟ್ಟೆ. ಸೋಮವಾರ ಮೂರು ಸಾವಿರ ನಗದು ತೆಗೆದಿಡುತ್ತೇನೆ. ರವಿವಾರ ರಾತ್ರಿ ಉಳಿದದ್ದು ಎಣಿಸುತ್ತೇನೆ. ಆರುನೂರ ನಲವತ್ತು ಉಳಿದರೆ ಎರಡು ಸಾವಿರದ ಮುನ್ನೂರ ಅರವತ್ತು ಹೋಗಿದೆ. ಎಲ್ಲಿಗೆ ಹೋಯಿತು ಅಂತ ಕೇಳಿಕೊಳ್ಳುವುದಿಲ್ಲ. ಕಾರ್ಡಿನದು ಹೇಗೂ ಮೆಸೇಜಿನಲ್ಲಿ ಇರುತ್ತದೆ. ಕ್ರೆಡಿಟ್ ಕಾರ್ಡ್ ಇದೆ, ಬಿಲ್ಲಿನ ಪೂರ್ತಿ ಮೊತ್ತ ತಾನಾಗಿಯೇ ಕಟ್ಟಾಗುವ ಹಾಗೆ ಇಟ್ಟಿದ್ದೇನೆ. ಕನಿಷ್ಠ ಮೊತ್ತ ಕಟ್ಟುತ್ತಾ ಹೋದ ಗೆಳೆಯನೊಬ್ಬನನ್ನು ನೋಡಿದ್ದೇನೆ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಅಂದರೆ ವರ್ಷಕ್ಕೆ ನಲವತ್ತರ ಮೇಲೆ. ಲೇವಾದೇವಿಯವರೇ ವಾಸಿ ಅನಿಸುತ್ತದೆ.

ನೆಲದ ಮೇಲೆ ಕುಳಿತವರಿಗೆ ನಗದು ಅಂದೆನಲ್ಲ, ಅದು ದಾನಧರ್ಮದ ಮಾತಲ್ಲ. ಒಂದು ಬೆಳಿಗ್ಗೆ ಧಾರವಾಡದ ಸೂಪರ್ ಮಾರ್ಕೆಟ್ ಹತ್ತಿರ ಮೆಂತ್ಯ ಕೊಳ್ಳುತ್ತಿದ್ದೆ. ಮಾರುವ ಅಜ್ಜಿ ಮಗನ ಕ್ಯೂಆರ್ ಇಟ್ಟುಕೊಂಡಿದ್ದರು. ನಾನು ಫೋನ್ ಎತ್ತಿದೆ. "ತಮ್ಮಾ, ಇನ್ನೂ ಬೋಣಿ ಆಗಿಲ್ಲಪಾ. ಕೈಯಾಗ ಕೊಡು" ಅಂದರು. ಇಪ್ಪತ್ತರ ನೋಟು ಕೊಟ್ಟೆ. ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಸೊಪ್ಪಿನ ಸಿವುಡುಗಳ ಮೇಲೆ ಒಂದು ಸುತ್ತು ಆಡಿಸಿ, ಸೊಂಟದ ಚೀಲಕ್ಕೆ ಹಾಕಿಕೊಂಡರು. ಫೋನಿನಲ್ಲಿ ಹೋದ ರೊಕ್ಕ ಮಗನ ಖಾತೆಗೆ ಹೋಗುತ್ತದೆ, ಸಂಜೆ ಅವನು ಕೊಟ್ಟರೆ ಉಂಟು. ಇದನ್ನು ಅವರು ಹೇಳಲಿಲ್ಲ. ಪಕ್ಕದಲ್ಲಿ ಬದನೆಕಾಯಿ ಮಾರುತ್ತಿದ್ದ ಅಕ್ಕ ಹೇಳಿದರು.

ಗಿರ್ಮಿಟ್ ಅಣ್ಣಾರು ದೀಪಾವಳಿ ಹೊತ್ತಿಗೆ ಕ್ಯೂಆರ್ ಮತ್ತೆ ಇಟ್ಟರು. ಗಾಜಿನ ಮೇಲಲ್ಲ, ಈರುಳ್ಳಿ ಬುಟ್ಟಿಯ ಹಿಂದೆ. ಗುರುತಿನವರು ಕೇಳಿದರೆ ತೆಗೆದು ತೋರಿಸುತ್ತಾರೆ. ನಾನು ಕೇಳುವುದಿಲ್ಲ. ನನ್ನನ್ನು ನೋಡಿದ ಕೂಡಲೇ ಅವರೇ ಕೇಳುತ್ತಾರೆ:

"ಬರ್ರಿ ಸರ. ಇಪ್ಪತ್ತರ ನೋಟು ಅದಾವೇನ್ರೀ? ಐನೂರಕ್ಕ ಚಿಲ್ಲರ ಬೇಕಾಗಿತ್ತು."