‘ಒಥೆಲೊ’ ನಾಟಕದ ಗಂಡಸರನ್ನು ಓದುವ ಬಗೆ
ಷೇಕ್ಸ್‌ಪಿಯರನ ‘ಒಥೆಲೊ’ದಲ್ಲಿ ಗಂಡಸರು ಹೆಣ್ಣನ್ನು ನಡೆಸಿಕೊಳ್ಳುವ ರೀತಿಯನ್ನು ಕುರಿತು ಬರೆಯುವವರು ಕೊನೆಯಲ್ಲಿ ಒಥೆಲೊ ತನ್ನ ಹೆಂಡತಿ ಡೆಸ್ಡಿಮೋನಳನ್ನು ಕೊಲ್ಲುವುದರಿಂದ ಆರಂಭಿಸದೆ, ಮೊದಲ ಅಂಕದ ಮೂರನೆಯ ದೃಶ್ಯದಲ್ಲಿ ಅವಳ ತಂದೆ ಬ್ರಬಾನ್ಷಿಯೊ ತನ್ನ ಮಗಳನ್ನು ಕದ್ದೊಯ್ದರೆಂದು ವೆನಿಸ್ಸಿನ ಸಭೆಯಲ್ಲಿ ದೂರುವ ಮಾತಿನಿಂದ ಆರಂಭಿಸಬೇಕು; ಅವನ ಪಾಲಿಗೆ ಮಗಳು ಕಳುವಾದ ಸೊತ್ತು. ಅನಂತರ ನಾಲ್ಕನೆಯ ಅಂಕದ ಮೊದಲ ದೃಶ್ಯವನ್ನು ನಿಧಾನವಾಗಿ, ಸಾಧ್ಯವಾದರೆ ಗಟ್ಟಿಯಾಗಿ ಓದಿ. ವೆನಿಸ್ಸಿನಿಂದ ಪತ್ರ ತಂದ ಲೊಡೊವಿಕೊನ ಎದುರಿನಲ್ಲೇ ಒಥೆಲೊ ಡೆಸ್ಡಿಮೋನಳಿಗೆ ಹೊಡೆಯುತ್ತಾನೆ. ತಾನು ಇದಕ್ಕೆ ತಕ್ಕವಳಲ್ಲವೆಂದಷ್ಟೇ ಅವಳು ಹೇಳುತ್ತಾಳೆ. ಲೊಡೊವಿಕೊ ಬೆಚ್ಚುತ್ತಾನೆ, ಅವಳನ್ನು ಸಮಾಧಾನಪಡಿಸೆನ್ನುತ್ತಾನೆ, ಆದರೆ ಅವಳನ್ನು ಅಲ್ಲಿಂದ ಕರೆದೊಯ್ಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಆ ಹೊಡೆತದಷ್ಟೇ ಗಮನಿಸಬೇಕಾದದ್ದು ಇದು. ತನ್ನ ಪ್ರೇಯಸಿ ಬಿಯಾಂಕಳನ್ನು ಕುರಿತು ಒಥೆಲೊನ ಅಧಿಕಾರಿ ಕ್ಯಾಸಿಯೊ ನಗುವುದನ್ನೂ ಗುರುತಿಸಿಕೊಳ್ಳಿ. ಮನೆಗೆ ಹೋಗೆಂದು ಗಂಡ ಇಯಾಗೊ ಗದರಿದರೂ ಅವನ ವಂಚನೆಯ ಸತ್ಯ ನುಡಿದು, ಅವನ ಕೈಯಿಂದಲೇ ಇರಿತಕ್ಕೊಳಗಾಗುವ ಡೆಸ್ಡಿಮೋನಳ ಸಖಿ ಎಮಿಲಿಯಳ ಮಾತುಗಳನ್ನು ಬಿಡದೆ ಉಲ್ಲೇಖಿಸಿ.